ಮಾಸ್ತರ ಕಾರಿನ ಕಟಕಟ

“ಮಾಸ್ತರ್ರಾ, ನೀವು ನನಗ ಸುಳ್ಳ ಹೇಳೀರಿ!”

ರೊಟ್ಟಿ ಬಡಿಯುತ್ತಿದ್ದ ಸೃಷ್ಟಿಯ ಕೈ ಹಾಗೇ ನಿಂತಿತು. ಏನಂದ ಇವನು? ಆಳಂದದಲ್ಲಿ ಮೂವತ್ತು ವರ್ಷ ಶಾಲೆ ಕಲಿಸಿದ ಅಪ್ಪನಿಗೆ, ಕಲ್ಯಾಣಪ್ಪ ಮಾಸ್ತರಿಗೆ, ಈ ಮಾತೇ!

ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬಾಗಿಲಲ್ಲಿ ನಿಂತಿದ್ದವನು ಮಹೇಶಕುಮಾರ, ಅಫಜಲಪುರದ ಭೂಮಾಪಕ. ಕಣ್ಣು ಮಂಜಾದವೆಂದು ಅಪ್ಪ ಮಾರಿದ ಹಳೇ ಕಾರನ್ನು ಹೋದ ವಾರವಷ್ಟೇ ಕೊಂಡಿದ್ದ.

“ಗಾಡಿ ಹೊಂಟ ಕೂಡ್ಲೇ ಕಟಕಟ ಆವಾಜ್ ಬರ್ತದ್ರಿ. ಒಂದೂ ಆವಾಜ್ ಇಲ್ಲ ಅಂದಿದ್ರಲ್ಲ?”

“ಇದ್ದಿದ್ದಿಲ್ರಿ ಸಾಹೇಬ್ರ... ಖರೇನ ಇದ್ದಿದ್ದಿಲ್ಲ.”

ಅಪ್ಪನ ದನಿ ನಡುಗಿದ್ದು ಕೇಳಿ ಸೃಷ್ಟಿಗೆ ಸಿಟ್ಟು ನೆತ್ತಿಗೇರಿತು.

“ನಡೀರಿ, ನಾನೂ ಬರ್ತೇನಿ. ಎಲ್ಲಿ ಅದ ಆವಾಜ್, ನನಗೂ ಕೇಳಸ್ರಿ!”

ಅವನ ಪಕ್ಕದಲ್ಲಿ ಕೂತು ಮಟಕಿ ಊರಿನವರೆಗೆ ಹೋದಳು. ತಗ್ಗು, ದಿಣ್ಣೆ, ತಿರುವು... ಕಾರು ತುಟಿಪಿಟಕ್ಕೆನ್ನಲಿಲ್ಲ!

ಮಹೇಶನ ಕಿವಿ ಕೆಂಪಾದವು. “ಬರೂಮುಂದ ಇತ್ರಿ... ದಾರಿ ತುಂಬ ಇತ್ತು.”

ಮುಂದಿನ ಐತವಾರ ಮತ್ತೆ ಬಂದ. ಮೆಕ್ಯಾನಿಕ್ ತಸ್ಲೀಮ ಭಾಯ್ ಗಾಡಿಯ ಅಡಿಗೆ ಮಲಗಿ ಸಿಕ್ಕ ನಟ್ಟನ್ನೆಲ್ಲ ಬಿಗಿದ. ಮಹೇಶನನ್ನು ಪಕ್ಕಕ್ಕೆ ಕೂರಿಸಿಕೊಂಡು ಊರು ಸುತ್ತಿದ. ಸದ್ದಿಲ್ಲ. ಮೂರನೆಯ ಐತವಾರ ಮಹೇಶ ಸೃಷ್ಟಿಯ ಜೊತೆ ಹಿರೋಳ್ಳಿಗೆ ಹೋಗಿ ಬಂದ. ಊಹೂಂ!

ಸದ್ದು ಹುಡುಕುವುದೆಂದರೆ ಸುಮ್ಮನೆ ಕೂತು ಕಿವಿಗೊಡುವುದು. ಆ ಮೌನದಲ್ಲಿ ಅವಳಿಗೆ ಅವನ ಉಸಿರೂ ಕೇಳತೊಡಗಿತ್ತು. ಈಗೀಗ ಶುಕ್ರವಾರ ಬಂತೆಂದರೆ ಮನಸ್ಸು ಒಂದು ಕಡೆ ನಿಲ್ಲದು. ಬೀದಿಯಲ್ಲಿ ಯಾವ ಕಾರು ನಿಂತರೂ ಕಿಟಕಿಗೆ ಓಟ. ‘ನನಗೇನಾಗಿದೆ?’ ಎಂದು ತನ್ನನ್ನೇ ಬೈದುಕೊಳ್ಳುವಳು.

ಪಕ್ಕದ ಮನೆಯ ಹೀರಾಬಾಯಿ ಬಿಡಬೇಕಲ್ಲ! “ಆವಾಜ್ ಗಾಡ್ಯಾಗ ಇಲ್ಲ ಬೇ, ಆ ಹುಡುಗನ ತಲ್ಯಾಗ ಅದ. ನಿನ್ನ ನೋಡಾಕ ಹೂಡಿದ ನಾಟಕ!”

ಸೃಷ್ಟಿಗೆ ನಗು ಬರಲಿಲ್ಲ. ಒಳಗೆ ಅಪ್ಪ ಅವತ್ತೂ ಅರ್ಧ ಉಂಡ ತಟ್ಟೆ ಸರಿಸಿದ್ದರು. “ನಾ ಮೋಸ ಮಾಡಿದಂಗಾತಲ್ಲವ್ವಾ” ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು. ನನ್ನನ್ನು ನೋಡುವ ನೆಪಕ್ಕೆ ಅಪ್ಪನನ್ನು ಸುಳ್ಳುಗಾರ ಮಾಡಿದನೇ?

ನಾಲ್ಕನೆಯ ಐತವಾರ ಮಟಕಿ ದಾರಿಯಲ್ಲಿ ಸೃಷ್ಟಿ ಅವನಿಗೆ ಕಾರು ನಿಲ್ಲಿಸಲು ಹೇಳಿದಳು.

“ನಿಮ್ಮ ಆಟ ಸಾಕ್ರಿ! ನಮ್ಮಪ್ಪ ಹೊಟ್ಟಿತುಂಬ ಉಂಡು ಎಷ್ಟು ದಿನ ಆತು ಗೊತ್ತೇನು? ನನ್ನ ನೋಡಬೇಕಂದ್ರ ನೆಟ್ಟಗ ಬರಬೇಕಿತ್ತು... ಅವರ ಮ್ಯಾಲ ಸುಳ್ಳ ಹೊರಿಸಬಾರದಿತ್ತು!”

ಮಹೇಶನ ಮುಖ ಬಿಳುಚಿತು. ಇಳಿದು ಕೀಲಿಯನ್ನು ಅವಳ ಕೈಗಿಟ್ಟ.

“ಒಬ್ಬರ ಹೋಗಿ ಬರ್ರಿ. ಆವಾಜ್ ಬರ್ಲಿಲ್ಲಂದ್ರ ನಾ ಮತ್ತ ನಿಮ್ಮ ಬಾಗಿಲಿಗೆ ಬರೂದಿಲ್ಲ.”

ಅವನನ್ನು ರಸ್ತೆಯಂಚಿಗೆ ಬಿಟ್ಟು ಸೃಷ್ಟಿ ಹೊರಟಳು. ಸದ್ದು ಬಂದರೆ ಅಪ್ಪ ಸುಳ್ಳು. ಬರದಿದ್ದರೆ ಇವನು ಸುಳ್ಳು. ಏನೆಂದು ಬೇಡಿಕೊಳ್ಳಲಿ?

ಕಟ... ಕಟಕಟ... ಕಟಕಟ!

ಎಡಗಡೆಯಿಂದ! ಕೈ ಚಾಚಿ ಖಾಲಿ ಸೀಟನ್ನು ಒತ್ತಿದಳು. ಸದ್ದು ನಿಂತಿತು. ಕೈ ತೆಗೆದಳು. ಕಟಕಟ!

ಗಕ್ಕನೆ ಬ್ರೇಕ್ ಹಾಕಿದಳು. ಆ ಸೀಟಿನಲ್ಲಿ ಮೊದಲು ಅವ್ವ ಕೂತಿರುತ್ತಿದ್ದಳು. ಅವ್ವ ಹೋದ ಮೇಲೆ ತಾನು. ಹನ್ನೆರಡು ವರ್ಷದಲ್ಲಿ ಅಪ್ಪ ಒಂದು ದಿನವೂ ಒಬ್ಬರೇ ಈ ಕಾರು ಓಡಿಸಿರಲಿಲ್ಲ. ಅವರಿಗೆ ಈ ಸದ್ದು ಕೇಳಿರಲೇ ಇಲ್ಲ!

ಅಳುತ್ತಲೇ ಫೋನು ಮಾಡಿದಳು. “ಅಪ್ಪಾ, ನೀ ಸುಳ್ಳ ಹೇಳಿಲ್ಲ! ಎಡಗಡೆ ಸೀಟು ಸಡ್ಲ ಆಗೇದ. ಯಾರರೆ ಕೂತ್ರ ಆವಾಜ್ ಬರೂದಿಲ್ಲ!”

ಆ ಕಡೆ ಅಪ್ಪ ಮೂಗು ಎಳೆದುಕೊಂಡದ್ದು ಕೇಳಿತು. “ಹಂಗಾರ ಆ ಹುಡುಗನ್ನ ಊಟಕ್ಕ ಕರಕೊಂಡು ಬಾ ಯವ್ವಾ. ನನಗೂ ಹಸಿವಿ ಆಗೇದ.”

ಮಹೇಶ ಬಿಟ್ಟಲ್ಲೇ ನಿಂತಿದ್ದ. “ಬಂತೇನ್ರಿ?”

“ಬಂತು. ನನ್ನ ತಪ್ಪಾತ್ರಿ...” ಎಂದು ಎಲ್ಲ ಹೇಳಿದಳು. “ತಸ್ಲೀಮ ಭಾಯ್‌ಗೆ ಐದು ಮಿನಿಟಿನ ಕೆಲಸ.”

ಖುಷಿಯಾಗಬೇಕಿದ್ದವನ ಮುಖ ಸಪ್ಪಗಾಯಿತು.

“ಏನಾತ್ರಿ?”

“ನೀವು ಬೈದದ್ದು ಅರ್ಧ ಖರೇನ ಅದರಿ. ಮೊದಲ ವಾರ ಆವಾಜ್ ಸಲುವಾಗೇ ಬಂದಿದ್ದೆ. ಆಮ್ಯಾಲ... ಅದು ಸಿಗಬಾರದಂತ ಬೇಡ್ಕೋತ ಬಂದೇನಿ.”

ಸೃಷ್ಟಿ ತಲೆ ತಗ್ಗಿಸಿದಳು. ತುಟಿಯಂಚಿನ ನಗು ಮಾತ್ರ ತಗ್ಗಲಿಲ್ಲ.

“ಕೂಡ್ರಿ. ಅಪ್ಪ ಊಟಕ್ಕ ಕರದಾರ.”

ಅವನು ಎಡಗಡೆ ಕೂತ. “ಊಟ ಆದ ಮ್ಯಾಲ ಮಾಸ್ತರ್ರನ್ನ ಒಂದು ಮಾತು ಕೇಳ್ಲೇನ್ರಿ?”

“ಗಾಡಿ ವಿಷಯ ಆದ್ರ ಬ್ಯಾಡ.”

“ನಿಮ್ಮ ವಿಷಯ ಆದ್ರ?”

“ಉಂಡ ಮ್ಯಾಲ ಯಾಕ್ರಿ...” ಸೃಷ್ಟಿ ಗಾಡಿ ಎಬ್ಬಿಸಿದಳು. “ಹೋದ ಕೂಡ್ಲೇ ಕೇಳ್ರಿ!”