ಕೊನೆಯ ಅಧ್ಯಾಯದಲ್ಲಿ ನಿನ್ನನ್ನು ಕೊಲ್ಲುತ್ತೇನೆ

"ನೀನೇ ಅಲ್ವಾ ಹೊಸದಾಗಿ ಬಂದಿರೋ ದನದ ಡಾಕ್ಟ್ರು?"

ಸ್ವಾಲಾಳ ಧ್ವನಿ ನಡುಗುತ್ತಿತ್ತು. ಭಯದಿಂದಲ್ಲ... ರೋಷದಿಂದ!

ಎದುರಿಗೆ ನಿಂತ ಬ್ರಾಂದುರನ ತಲೆಯ ಮೇಲೆ ಇನ್ನೂ ಆ ಕೆಂಪು ಉಣ್ಣೆಯ ಜಡೆಯಿತ್ತು. ಥೇಟ್ ಅವಳದೇ ಜಡೆ! ಈಗಷ್ಟೇ ಅದನ್ನು ತೊಟ್ಟು ವೇದಿಕೆಯ ಮೇಲೆ ಅವಳಾಗಿ ಕುಳಿತವನು, ಪೆನ್ನು ಕಚ್ಚುತ್ತಾ, "ನನ್ನ ಕಾದಂಬರಿಗೊಂದು ಹೆಸರು ಹೇಳ್ರೇ ಕುರಿಗಳಾ, ಎರಡನೇ ಅಧ್ಯಾಯ ಆಮೇಲೆ ನೋಡೋಣ" ಎಂದಿದ್ದ. ಕೊಲ್ಲಿಯ ದಂಡೆಯ ಇಡೀ ಊರಿನ ಜನ ಬಿದ್ದು ಬಿದ್ದು ನಕ್ಕಿದ್ದರು.

ನಡುಚಳಿಯ ಹಬ್ಬದೂಟದಲ್ಲಿ ಊರವರನ್ನು ಅಣಕಿಸುವುದು ಐಸ್‌ಲ್ಯಾಂಡಿನ ನಮ್ಮ ಹಳ್ಳಿಗಳಲ್ಲಿ ಹಿರಿಯರಿಂದ ಬಂದ ರೂಢಿ. ಪಾದ್ರಿಯನ್ನೂ ಬಿಡುವುದಿಲ್ಲ. ಅಣಕಿಸಿಕೊಂಡವರು ತಾವೂ ನಕ್ಕು, ಹುಳಿ ಹಿಡಿಸಿದ ಟಗರುಮಾಂಸ ತಿಂದು ಮನೆಗೆ ಹೋಗಬೇಕು. ಆದರೆ ಹುಡುಗಿಯಾಗಿದ್ದಾಗಲೇ ಊರು ಬಿಟ್ಟು, ರಾಜಧಾನಿಯಲ್ಲಿ ಬಹುಕಾಲವಿದ್ದು, ಅರ್ಧಕ್ಕೆ ನಿಂತ ಕಾದಂಬರಿಯೊಂದಿಗೆ ಮರಳಿದ್ದ ಸ್ವಾಲಾಳಿಗೆ ಆ ನಗು ಎದೆಗೆ ಇರಿದಿತ್ತು.

"ಕೇಳಿಸ್ಕೋ ಡಾಕ್ಟ್ರೇ. ಪುಸ್ತಕ ಮುಗಿಸ್ತೀನಿ. ಅದ್ರಲ್ಲಿ ನೀನೇ ಖಳನಾಯಕ. ಕೊನೇ ಅಧ್ಯಾಯದಲ್ಲಿ ನಿನ್ನ ಕೊಲ್ತೀನಿ!"

ಅವನು ಏನೋ ಹೇಳಲು ಬಾಯಿ ತೆರೆದ. ಸುತ್ತ ಕುಳಿತವರನ್ನು ನೋಡಿ ಬಾಯಿ ಮುಚ್ಚಿದ. ಆಮೇಲೆ ಮೆಲ್ಲಗೆ ಅಂದ: "ಕೊನೇದ್ರಲ್ಲಾ? ಹಾಗಾದ್ರೆ ನನಗೆ ದೀರ್ಘಾಯುಷ್ಯ ಬಿಡು."

ಮತ್ತೆ ನಗು!

ಸ್ವಾಲಾ ಕೋಟು ಎಳೆದುಕೊಂಡು ಹೊರಟಳು. ಹಿಮದಲ್ಲಿ ನಡೆಯುವಾಗ ಅವಳ ಕಣ್ಣೀರು ಕೆನ್ನೆಯ ಮೇಲೇ ಹೆಪ್ಪುಗಟ್ಟಿತು.

ಮರುದಿನವೇ ಅವಳು ಬರೆಯಲು ಕುಳಿತಳು. ಮೀನು ಕಾರ್ಖಾನೆಯ ಕೆಲಸಕ್ಕೆ ಹೋಗುವ ಮುನ್ನ ದಿನವೂ ಬರೆದಳು. ಆಹಾ, ದ್ವೇಷವೇ, ನಿನ್ನಲ್ಲಿ ಎಂಥ ಶಕ್ತಿ! ಇಷ್ಟು ವರ್ಷ ಸ್ಫೂರ್ತಿ ಬರಲಿ ಎಂದು ಕಿಟಕಿಯಾಚೆ ನೋಡುತ್ತಾ ಕುಳಿತವಳ ಬೆರಳುಗಳು ಈಗ ಓಡುತ್ತಿದ್ದವು.

ಆದರೂ ಕೆಲವು ಬೆಳಿಗ್ಗೆ ಮನಸ್ಸು ಮಂಕಾಗುತ್ತಿತ್ತು. ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಕಾರು ತೆಗೆದುಕೊಂಡು ಬ್ರಾಂದುರನ ಲಾಯದ ಎದುರು ನಿಲ್ಲಿಸುವುದು. ಅವನ ಮುಖ ನೋಡುವುದು. ಸಿಟ್ಟು ಭಗ್ಗನೆ ಹೊತ್ತಿಕೊಂಡ ಕೂಡಲೇ ಮನೆಗೆ ಬಂದು ಬರೆಯುವುದು!

*ಅವನನ್ನು ಚೆನ್ನಾಗಿ ನೋಡ್ಕೋಬೇಕು. ಆಗಲೇ ಚೆನ್ನಾಗಿ ಕೊಲ್ಲೋಕಾಗೋದು...*

ಮೊದಮೊದಲು ಅಪರೂಪಕ್ಕೆ. ಬರಬರುತ್ತಾ ದಿನವೂ.

ಅವನು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವುದನ್ನು ನೋಡಿದಳು. ಹಸು ಕರು ಹಾಕುವಾಗ ಅದರ ಕಿವಿಯಲ್ಲಿ ಚರ್ಚಿನ ಹಾಡು ಗುನುಗುವುದನ್ನು ನೋಡಿದಳು. ಒಂದು ದಿನ ಸತ್ತ ಕುದುರೆಯ ಕುತ್ತಿಗೆಯ ಮೇಲೆ ತಲೆಯಿಟ್ಟು ಅಳುವುದನ್ನೂ ನೋಡಿದಳು. ಎಲ್ಲವನ್ನೂ ಖಳನಾಯಕನಿಗೆ ಕೊಟ್ಟಳು. ಖಳನಾಯಕ ಜೀವ ತುಂಬಿಕೊಳ್ಳುತ್ತಾ ಹೋದ.

ಒಮ್ಮೊಮ್ಮೆ ಅವನು ಕೈ ಬೀಸುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು.

ವರ್ಷ ಉರುಳಿತು. ಹಬ್ಬದ ಅಣಕು ಬರೆಯುವ ಸಮಿತಿಗೆ ಈ ಸಲ ಸ್ವಾಲಾಳ ಹೆಸರೇ ಬಂತು! ದೇವರೇ ತನ್ನ ಕೈಗೆ ಕತ್ತಿ ಕೊಟ್ಟ ಎಂದುಕೊಂಡಳು. ದೇವರ ಲೆಕ್ಕ ನಮಗೆಲ್ಲಿ ಗೊತ್ತಾಗುತ್ತದೆ?

ಸಮಿತಿ ಸೇರಿದ್ದು ಅವಳ ಚಿಕ್ಕಮ್ಮ ಲೋವೀಸಾಳ ಅಡುಗೆಮನೆಯಲ್ಲಿ. ಸ್ವಾಲಾ ತಾನು ಬರೆದದ್ದನ್ನು ಓದಿದಳು: ಊರಿಗೆ ಬರುವ ಮೊದಲೇ ಹೆಂಡತಿ ಬಿಟ್ಟುಹೋದಾಗ ಕಣ್ಣು ಒದ್ದೆಯಾಗದ ಡಾಕ್ಟರು, ಮುದಿ ಕುದುರೆ ಸತ್ತಾಗ ವಿಧುರನ ಹಾಗೆ ಅತ್ತ ಕಥೆ.

ಯಾರೂ ನಗಲಿಲ್ಲ.

"ಇದನ್ನ ನಾನೇ ವೇದಿಕೆ ಮೇಲೆ ಓದ್ತೀನಿ," ಎಂದಳು.

"ಬರೆದವರು ಓದೋ ಹಾಗಿಲ್ಲ ಕಣೇ," ಎಂದಳು ಲೋವೀಸಾ. "ಚೀಟಿ ಎತ್ತಿ, ಯಾರಿಗೆ ಬರುತ್ತೋ ಅವರು ಓದಬೇಕು. ಬರೆದವರ ಹೆಸರನ್ನ ಯಾರೂ ಹೊರಗೆ ಹೇಳಬಾರದು. ಸಮಿತಿಯಲ್ಲಿ ಕೂತವರಿಗೆಲ್ಲ ಈ ರೂಢಿ ಗೊತ್ತಿರೋದೇ."

ಸ್ವಾಲಾ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಹಾಗಾದ್ರೆ... ಹೋದ ವರ್ಷ ನನ್ನ ಬಗ್ಗೆ..."

ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ಮೊದಲ ಅಧ್ಯಾಯ ಬರೆದು ಹೆಸರಿಗಾಗಿ ಒದ್ದಾಡುತ್ತಿದ್ದೇನೆಂದು ಅವಳು ಹೇಳಿಕೊಂಡದ್ದು ಒಬ್ಬರ ಹತ್ತಿರ ಮಾತ್ರ.

"ಚಿಕ್ಕಮ್ಮಾ! ನೀನಾ?"

"ನಾನೇ. ರೂಢಿ ಮುರಿದ ಪಾಪ ನನಗಿರಲಿ," ಲೋವೀಸಾ ಕಣ್ಣು ತಪ್ಪಿಸಲಿಲ್ಲ. "ಲೇಖಕಿ ಅಂತ ಹೊಗಳಿದವರೆಲ್ಲ ಸೇರಿ ನಿನ್ನ ಮಲಗಿಸಿಬಿಟ್ಟಿದ್ರು. ಚಿವುಟಿದ್ರೆ ಏಳ್ತೀಯೇನೋ ಅಂದ್ಕೊಂಡೆ. ಆ ಹುಡುಗ ಓದಲ್ಲ ಅಂತ ಹಠ ಹಿಡಿದಿದ್ದ. ಚೀಟಿ ಬಂದಿತ್ತಲ್ಲ, ಊರಿಗೆ ಹೊಸಬ ಬೇರೆ, ಪಾಪ ಒಪ್ಕೊಂಡ."

"ನಿನ್ನನ್ನೂ ಪುಸ್ತಕಕ್ಕೆ ಎಳೀತೀನಿ!"

"ಎಳಿ. ಸ್ವಲ್ಪ ತೆಳ್ಳಗೆ ಮಾಡು ಅಷ್ಟೇ."

ಸ್ವಾಲಾ ಆ ಹಾಳೆಯನ್ನು ಒಲೆಗೆ ಹಾಕಿದಳು.

ಆದರೆ ಅಂದಿನಿಂದ ಒಂದಕ್ಷರವೂ ಬರಲಿಲ್ಲ! ಉಳಿದಿದ್ದದ್ದು ಒಂದೇ ಒಂದು ಅಧ್ಯಾಯ. ಸಿಟ್ಟು ಹುಡುಕಿದಳು, ಸಿಗಲಿಲ್ಲ. ಈ ಪುಸ್ತಕ ಮತ್ತೆ ಅರ್ಧಕ್ಕೇ ನಿಂತರೆ ಇನ್ನೆಂದೂ ತಾನು ಪೆನ್ನು ಹಿಡಿಯಲಾರೆ ಎಂದು ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಹಾಳೆಗಳ ಕಟ್ಟಿನೊಂದಿಗೆ ಅವಳ ಕಾರು ಮತ್ತೆ ಲಾಯದ ಎದುರು ನಿಂತಿತು. ಈ ಸಲ ಇಳಿದಳು.

"ಯಾಕೆ ಹೇಳಲಿಲ್ಲ? ವರ್ಷವಿಡೀ ನಿನ್ನ ಮುಖಕ್ಕೆ ಉಗಿದ ಹಾಗೆ ನಡ್ಕೊಂಡೆ... ಒಂದು ಮಾತು ಹೇಳಬಾರದಿತ್ತಾ?"

ಬ್ರಾಂದುರ್ ಕೈ ಒರೆಸಿಕೊಂಡ. "ಮೊದಲು ಹೇಳಬಾರದು ಅಂತ ರೂಢಿ ಇತ್ತು."

"ಆಮೇಲೆ?"

"ಆಮೇಲೆ ನೀನು ದಿನಾ ಬರೋಕೆ ಶುರು ಮಾಡ್ದೆ." ಅವನ ಕಿವಿ ಕೆಂಪಾಯಿತು. "ನಿಜ ಗೊತ್ತಾದ್ರೆ ಬರೋದು ನಿಲ್ಲಿಸ್ತೀಯ ಅನ್ನಿಸ್ತು. ಸಿಟ್ಟಲ್ಲಾದ್ರೂ ಬರ್ತಿದ್ಯಲ್ಲ... ನಿನ್ನ ಕಾರು ಬರೋ ಹೊತ್ತಿಗೆ ದಿನಾ ಗಡ್ಡ ಮಾಡ್ಕೊಂಡು ನಿಂತಿರ್ತಿದ್ದೆ."

ಸ್ವಾಲಾ ಹಾಳೆಗಳ ಕಟ್ಟನ್ನು ಎದೆಗೆ ಒತ್ತಿಕೊಂಡಳು.

"ನಿನ್ನ ಬಗ್ಗೆ ತುಂಬಾ ಕ್ರೂರವಾದದ್ದೊಂದು ಬರೆದಿದ್ದೆ. ಸುಟ್ಟುಹಾಕಿದೆ. ಈಗ ಸಿಟ್ಟೇ ಇಲ್ಲ ಬ್ರಾಂದುರ್. ಬರೆಯೋಕೂ ಆಗ್ತಿಲ್ಲ."

"ಸಿಟ್ಟು ಬರೋ ಹಾಗೆ ಬೈಯ್ಲಾ? ನಿನ್ನ ಗದ್ಯ ನಮ್ಮ ಟಗರು ಕೆಮ್ಮಿದ ಹಾಗಿದೆ!"

ಅವಳು ನಕ್ಕುಬಿಟ್ಟಳು. ನಗುತ್ತಲೇ ಅತ್ತಳು.

"ಆಗಲಿಲ್ಲ ನೋಡು... ಸಿಟ್ಟು ಬರ್ತಿಲ್ಲ. ನಿನ್ನ ನೋಡದೆ ಇಡೀ ಪುಸ್ತಕದಲ್ಲಿ ಒಂದು ಸಾಲೂ ಬರೆದಿಲ್ಲ ನಾನು. ಅದು ದ್ವೇಷ ಅಂತಲೇ ಅಂದ್ಕೊಂಡಿದ್ದೆ..."

"ಅಲ್ವಾ?"

"ಅಲ್ಲ ಕಣೋ. ಪ್ರೀತಿ!"

ಅವನು ಅವಳ ಚಳಿಗೆ ಮರಗಟ್ಟಿದ ಕೈಗಳನ್ನು ತನ್ನ ಕೈಯೊಳಗೆ ಹಿಡಿದು, ಒಳಗೆ ಕರೆದೊಯ್ದು, ಅಡುಗೆಮನೆಯ ಮೇಜಿನ ಮೇಲಿದ್ದ ಔಷಧಿ ಬಾಟಲಿಗಳನ್ನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟ. ಎದುರಿಗೆ ಕುಳಿತ.

ಅವಳು ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಪೆನ್ನು ತೆಗೆದಳು. ಒಂದು ಸಾಲು ಬಂತು. ಅದರ ಹಿಂದೆ ಇನ್ನೊಂದು...

ಮೇಲಿನ ಕುರಿಹಟ್ಟಿಯವರು ಫೋನ್ ಮಾಡಿದರು, ಕುರಿಯೊಂದು ಕುಂಟುತ್ತಿದೆಯೆಂದು. ಬ್ರಾಂದುರ್ ಬೂಟು ಹಾಕಿಕೊಂಡು ಬಾಗಿಲಲ್ಲಿ ಅನುಮಾನಿಸಿ ನಿಂತ.

"ಸ್ವಾಲಾ... ನಾನು ಹೋದ್ರೆ ನಿಂತುಹೋಗಲ್ವಾ?"

ಅವಳು ತಲೆ ಎತ್ತಲಿಲ್ಲ. ಪೆನ್ನು ಓಡುತ್ತಲೇ ಇತ್ತು.

"ಇಲ್ಲ. ಬಾಗಿಲು ಹಾಕ್ಕೊಂಡು ಹೋಗು, ಹಾಳೆ ಹಾರ್ತವೆ."

"ಸರಿ."

"ಬ್ರಾಂದುರ್..."

"ಹ್ಞಾಂ?"

"ಬೇಗ ಬಾ."