ಮೂರನೇ ಚಟ್ನಿ

ರಾಡು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗಿ ಚಿಕ್ಕಿ ಅಂಗಡಿಯ ಗಾಜಿಗೆ ಬಡಿಯಿತು!

ಗಾಜು ಪುಡಿಪುಡಿ. ಲೋಣಾವಳಾದ ಬಜಾರಿಗೆ ಬಜಾರೇ ತಿರುಗಿ ನೋಡಿತು.

"ಕಾಕಾ, ಬಾಜೂಲಾ ವ್ಹಾ!" ಸ್ವಪ್ನಿಲ್ ಕೂಗಿದ. "ತುಮ್ಚಂ ಕಾಮ ಸಂಪಲಂ. ಪೋರಗಿ ದ್ಯಾ!"

ಪಕ್ಕಕ್ಕೆ ಸರಿ, ನಿನ್ನ ಕೆಲಸ ಮುಗಿಯಿತು, ಹುಡುಗಿಯನ್ನು ಕೊಡು ಎನ್ನುತ್ತಿದ್ದಾನೆ. ಯಾರಿಗೆ? ನನಗೆ! ಇವನಿಗೆ ನನ್ನ ಹಳೇ ಗೆಳೆಯ ಸುಂದರನ ಹತ್ತಿರ ಡ್ರೈವರ್ ಕೆಲಸ ಕೊಡಿಸಿದ್ದು ನಾನೇ.

ಹುಡುಗಿ ನನ್ನ ಬೆನ್ನಿಗೆ ಅಂಟಿ ನಿಂತಿದ್ದಳು. ಹೆಸರು ದೀಕ್ಷಿತಾ. ಎದೆಗವಚಿಕೊಂಡ ಲ್ಯಾಪ್‌ಟಾಪ್ ಬ್ಯಾಗು.

"ಓಡಾಕ ಬರ್ತದೇನವಾ?" ಎಂದೆ.

"ನನಗೆ ಬರುತ್ತೆ. ನಿಮಗೆ ಬರುತ್ತಾ ಅಂಕಲ್?"

ಈ ಹೊತ್ತಿನಲ್ಲೂ ನಾಲಿಗೆ ಚುರುಕು. ಒಳ್ಳೆಯದು.

ಶೇಂಗಾ ಚಿಕ್ಕಿಯ ಟ್ರೇ ಎತ್ತಿ ಸ್ವಪ್ನಿಲ್‌ನ ಮುಖಕ್ಕೆ ಎಸೆದೆ. ಅವನು ಹಿಂದೆ ಸರಿದ. ಕಾಲ ಕೆಳಗೆ ಗಾಜಿನ ಚೂರು... ಜಾರಿ ಬಿದ್ದ!

ಓಡಿದೆವು. ಸ್ಟೇಷನ್‌ನಲ್ಲಿ ಪುಣೆಯ ಲೋಕಲ್ ಆಗಲೇ ಹೊರಟಿತ್ತು. ಅವಳು ಹತ್ತಿದಳು. ಕೈ ಚಾಚಿದಳು. ನನ್ನ ಮಂಡಿ ಬೇಡ ಅಂದಿತು. ನಾನು ಕೇಳಲಿಲ್ಲ.

ಸೀಟಿಗೆ ಬಿದ್ದ ಮೇಲೆ ಒಂದೇ ಯೋಚನೆ.

ಹುಡುಗಿ ಲೋಣಾವಳಾದಲ್ಲಿ ಇದ್ದಾಳೆ ಎಂದು ನಾನು ಹೇಳಿದ್ದು ಒಬ್ಬನಿಗೆ. ಒಂದೇ ಫೋನು. ಫೋನ್ ಇಟ್ಟು ಒಂದು ಚಾ ಮುಗಿಸುವಷ್ಟರಲ್ಲಿ ರಾಡು ಬಂತು.

ಆ ಒಬ್ಬ... ಸುಂದರ!

ನನ್ನ ಕಸುಬು ಹೇಳಿಬಿಡುತ್ತೇನೆ. ಪುಣೆಯಲ್ಲಿ ಕಳೆದದ್ದನ್ನು ಹುಡುಕಿಕೊಡುವುದು. ಕದ್ದ ಟೆಂಪೊ, ಓಡಿಹೋದ ಮ್ಯಾನೇಜರು, ಮುನಿಸಿಕೊಂಡು ಇಂದಾಪುರದ ಬಸ್ಸು ಹತ್ತಿದ ಸೊಸೆ. ಗೂಳಪ್ಪ ಎಂದರೆ ಪೇಟೆಯವರಿಗೆ ಸಾಕು. ಓದು ಬರಹ ನನ್ನ ಕಡೆ ಹೆಚ್ಚು ಸುಳಿಯಲಿಲ್ಲ. ಮರೆವೂ ಸುಳಿಯಲಿಲ್ಲ.

ಬೆಳಿಗ್ಗೆ ಸುಂದರ ಕರೆದಿದ್ದ. ತಳೇಗಾಂವದಲ್ಲಿ ಅವನದು ಸರ್ವರ್ ಕಂಪನಿ. ಪುಣೆಯ ಒಂದು ದೊಡ್ಡ ಆಸ್ಪತ್ರೆಯ ಕಂಪ್ಯೂಟರ್ ಕೆಲಸವೆಲ್ಲ ಅವನ ಮಷೀನುಗಳ ಮೇಲೆ.

"ನನ್ನ ಆಫೀಸಿನ ಒಂದು ಹುಡುಗಿ ಆಸ್ಪತ್ರೆಯ ಗುಟ್ಟು ಕದ್ದುಕೊಂಡು ಓಡಿದ್ದಾಳೆ ಮಾರಾಯಾ," ಅಂದಿದ್ದ. "ನೀನಾದರೆ ಅವಳು ಹೆದರುವುದಿಲ್ಲ. ಕರೆದುಕೊಂಡು ಬಾ. ಪಾಪ, ಏನೂ ಮಾಡಬೇಡ."

ಪಾಪ ಅಂದಿದ್ದ!

ಅವಳ ಮನೆಯೊಡತಿ ರಂಗೂಬಾಯಿ ನನಗೆ ಹಳೇ ಪರಿಚಯ. ಹುಡುಗಿ ಲೋಣಾವಳಾದ ಗೆಳತಿಯ ಮನೆಗೆ ಹೋಗಿದ್ದಾಳೆ ಎಂದು ಹೇಳಿಬಿಟ್ಟಳು. ಹೋದೆ. ಸಿಕ್ಕಿದಳು. ಬಜಾರಿಗೆ ಕರೆತಂದೆ. ಸುಂದರನಿಗೆ ಫೋನ್ ಮಾಡಿದೆ. ಉಳಿದದ್ದು ನೀವೇ ಕೇಳಿದಿರಿ.

"ಏನ ಕದ್ದೀಯವಾ?" ಎಂದೆ.

"ಏನೂ ಇಲ್ಲ! ಒಂದು ಕಮಾಂಡ್‌ಗೆ ಹೊಸ ಫೀಚರ್ ಸೇರಿಸ್ದೆ, ಅಷ್ಟೇ."

"ತಿಳಿಯೂಹಂಗ ಹೇಳು."

"ಮಷೀನ್ ಒಳಗೆ ಕರ್ನಲ್ ಅಂತ ಇರುತ್ತೆ. ಯಜಮಾನ ಅಂದ್ಕೊಳ್ಳಿ. ಅದು ಕೆಲಸಗಳನ್ನ ಗುಂಪು ಮಾಡಿ ಇಡುತ್ತೆ. ಕಂಟ್ರೋಲ್ ಗ್ರೂಪ್. ಗುಂಪಿನೊಳಗೆ ಇನ್ನೊಂದು ಗುಂಪು."

"ಲಾಡ್ಜಿನಂಗ. ಫ್ಲೋರು, ಫ್ಲೋರಿನಾಗ ರೂಮು."

"ಹಾಂ! ಒಂದೊಂದು ಗುಂಪಿನ ಬಾಗಿಲಿಗೂ ಒಂದು ಪುಟ್ಟ ಪ್ರೋಗ್ರಾಮ್ ಅಂಟಿಸಬಹುದು. ವಾಚ್‌ಮನ್ ಥರ. ಹೊರಗೆ ಹೋಗೋದನ್ನೆಲ್ಲ ಅದು ನೋಡುತ್ತೆ."

"ಚಲೋ ಆತಲ್ಲ?"

"ಒಳ್ಳೇ ವಾಚ್‌ಮನ್ ಆದ್ರೆ! ನಮ್ಮ ಹಳೇ ಕಮಾಂಡ್ ಆ ರೂಮಿನ ಬಾಗಿಲಲ್ಲಿ ಕೂತವರನ್ನ ಮಾತ್ರ ತೋರಿಸ್ತಿತ್ತು. ಆಸ್ಪತ್ರೆಯ ರೂಮಿಗೆ ಹಾಕಿದ್ರೆ ಖಾಲಿ. ನಾನು ಮೇಲಿನ ಫ್ಲೋರು, ಕೆಳಗಿನ ಗೇಟು, ಎಲ್ಲಿಂದ ಯಾರ ಕಣ್ಣು ಬಿದ್ರೂ ತೋರಿಸೋ ಹಾಗೆ ಮಾಡ್ದೆ. ಟೆಸ್ಟ್ ಮಾಡಿದ್ರೆ... ಒಂದು ಲೈನ್ ಬಂತು!"

"ಯಾರು?"

"ಗೇಟಲ್ಲಿ ಕೂತಿದ್ದ ಒಂದು ಪ್ರೋಗ್ರಾಮ್. ಆಸ್ಪತ್ರೆಯ ಪ್ರತಿ ರಿಪೋರ್ಟಿಂದೂ ಒಂದು ಕಾಪಿ ಹೊರಗೆ ಕಳಿಸ್ತಿತ್ತು. ಯಾರಿಗೆ ಕ್ಯಾನ್ಸರ್, ಯಾರಿಗೆ ಮಗು ನಿಲ್ಲಲಿಲ್ಲ... ಎಲ್ಲ."

ನಾನು ಕಿಟಕಿಯ ಕಡೆ ನೋಡಿದೆ. ಕಳೆದ ವರ್ಷ ನನ್ನ ಹೆಂಡತಿ ಸಾವಂತ್ರವ್ವನ ರಿಪೋರ್ಟು ಬಂದದ್ದು ಅದೇ ಆಸ್ಪತ್ರೆಯಿಂದ.

"ಅದನ್ನ ಕೂಡ್ರಿಸಿದವರು ಯಾರು?"

"ಗೊತ್ತಿಲ್ಲ. ಅದನ್ನ ಕೂರಿಸೋಕೆ ಬೇಕಾದ ಪಾಸ್‌ವರ್ಡು ಆಫೀಸಲ್ಲಿ ತುಂಬಾ ಜನಕ್ಕೆ ಗೊತ್ತು. ನಿನ್ನೆ ಸುಂದರ್ ಸರ್‌ಗೆ ತೋರಿಸ್ದೆ. ವೆರಿ ಗುಡ್ ಅಂದ್ರು. ಬೆಳಿಗ್ಗೆ ನೋಡಿದ್ರೆ ನನ್ನ ಮೇಲೇ ಕಂಪ್ಲೇಂಟು! ಕಾಪಿ ಕಳಿಸ್ತಿದ್ದೋಳು ನಾನೇ ಅಂತೆ! ಈ ಕೇಸ್ ನಿಂತ್ರೆ ನಾನು ಜೈಲಿಗೆ, ಅಂಕಲ್."

"ಆ ಲೈನಿನಾಗ ಏನ ಬರದದ?"

"ಪ್ರೋಗ್ರಾಮಿನ ಹೆಸರು. ಅರ್ಥ ಇಲ್ದಿದ್ದು. ಮೂರನೇ ಚಟ್ನಿ."

ರೈಲು ಕಾಮಶೇತ್ ದಾಟುತ್ತಿತ್ತು.

"ಇನ್ನೊಮ್ಮೆ ಓದು."

"ಮೂರನೇ ಚಟ್ನಿ."

ಸುಂದರನ ಅಪ್ಪನದು ಪುಣೆಯ ಡೆಕ್ಕನ್ ಹತ್ತಿರ ಹೋಟೆಲ್ ಇತ್ತು. ರುಬ್ಬುವ ಕಲ್ಲಿಗೆ ನಾನು. ಒಲೆಗೆ ದೇವದಾಸ್. ಧಣಿಯ ಮಗನಾದರೂ ರಜೆಯಲ್ಲಿ ಪಾತ್ರೆಗೆ ಸುಂದರ. ಧಣಿ ಗಲ್ಲಾ ಬಿಟ್ಟು ಏಳುವವರೆಗೆ ಅಡುಗೆಮನೆಯಲ್ಲಿ ಯಾರೂ ಕೂರುವಂತಿಲ್ಲ. ಅವನು ಎದ್ದು ಹೋದರೆ ದೇವದಾಸ್ ಕೂಗುತ್ತಿದ್ದ... "ಮೂರನೇ ಚಟ್ನಿ!"

ಆ ಹೋಟೆಲಿನಲ್ಲಿ ಚಟ್ನಿ ಎರಡೇ. ಕೆಂಪು, ಬಿಳಿ. ಮೂರನೆಯದು ಅಂದರೆ ಧಣಿ ಇಲ್ಲ, ಬೆನ್ನು ಊರಿ ಅಂತ. ಮೂವರೂ ಗೋಡೆಗೆ ಒರಗುತ್ತಿದ್ದೆವು.

ದೇವದಾಸ್ ಹೋಗಿ ಬಹಳ ಕಾಲವಾಯಿತು. ಆ ಮಾತು ತಿಳಿದವರು ಭೂಮಿಯ ಮೇಲೆ ಈಗ ಇಬ್ಬರು.

ಅದರಲ್ಲಿ ನಾನು ಒಬ್ಬ.

"ಅಂಕಲ್? ಹುಷಾರಿದ್ದೀರಾ?"

"ಈ ಲ್ಯಾಪ್‌ಟಾಪ್ ಅವರು ಕಸಗೊಂಡ್ರ ನಿನ್ನ ಕತಿ ಮುಗೀತೇನು?"

ಅವಳು ತಲೆ ತಗ್ಗಿಸಿದಳು. "ಇಲ್ಲ. ನಾನೊಂದು ತಪ್ಪು ಮಾಡಿದೀನಿ. ಹೊಸ ಫೀಚರ್ ಮಾಡಿದ್ರೆ ಕರ್ನಲ್ ಬರೆಯೋರ ಮೇಲಿಂಗ್ ಲಿಸ್ಟಿಗೆ ಮೇಲ್ ಹಾಕ್ಬೇಕು. ಜಗತ್ತೆಲ್ಲ ಓದೋ ಲಿಸ್ಟ್. ಜೊತೆಗೆ ಒಂದು ಉದಾಹರಣೆ ಕೊಡ್ಬೇಕು. ಅವಸರದಲ್ಲಿ... ಆ ಲೈನನ್ನೇ ಪೇಸ್ಟ್ ಮಾಡಿ ಕಳಿಸ್ಬಿಟ್ಟೆ. ಅದೇನು ಅಂತ ಆಮೇಲೆ ನೋಡಿದ್ದು. ಪೆದ್ದಿ ನಾನು!"

"ಸುಂದರಗ ಗೊತ್ತದ?"

"ಹೇಳಕ್ಕೆ ಭಯ ಆಯ್ತು."

"ಅಳಸಾಕ ಬರ್ತದ?"

"ದೇವರಿಗೂ ಆಗಲ್ಲ."

ನನಗೆ ನಗು ಬಂತು. "ಕಳ್ಳಿ ಯಾರರೆ ತನ್ನ ಕಳವು ತಾನ ಡಂಗುರ ಹೊಡಸ್ತಾಳೇನವಾ? ಬ್ಯಾಗ್ ಇಲ್ಲೆ ಕೊಡು. ಸೀದಾ ಆಸ್ಪತ್ರೆಗೆ ಹೋಗು. ಕಂಪ್ಯೂಟರ್ ನೋಡೂವರು ಯಾರು ಅಲ್ಲೆ?"

"ಮಾಧುರಿ ಮೇಡಂ."

"ಆ ಮೇಲ್ ಅವರಿಗೆ ತೋರ್ಸು. ನಿನ್ನ ನಂಬರ ನನ್ನ ಫೋನಿನಾಗ ಹಾಕು. ನಾ ಫೋನ್ ಹಚ್ಚಿದ್ರ ಎತ್ತು. ಮಾತಾಡಬ್ಯಾಡ. ಇಬ್ಬರೂ ಕೇಳ್ರಿ."

ತಳೇಗಾಂವದಲ್ಲಿ ಇಳಿದೆ. ಸ್ವಪ್ನಿಲ್ ಬೈಕಿನಲ್ಲಿ ಬಂದು ಮೊದಲೇ ನಿಂತಿದ್ದ. ಹೊಟ್ಟೆಗೆ ಒಂದು ಕೊಟ್ಟ. ಚಿಕ್ಕಿಯ ಸಾಲ ತೀರಿತು.

"ಪೋರಗಿ ಕುಠಂ ಆಹೇ?"

"ಹುಡುಗಿ ತಪ್ಪಿಸಿಕೊಂಡ್ಳಪಾ. ಬ್ಯಾಗ್ ಐತಿ. ಸಾಹೇಬರ ಕಡೆ ನಡಿ."

ಸ್ಟೇಷನ್ನಿನ ಹೊರಗೆ ಅವನ ಕೈಲೇ ಒಂದು ಚಾ ಕೊಡಿಸಿಕೊಂಡೆ. ಬಿಸಿ ಹೆಚ್ಚು ಎಂದೆ. ಮಂಡಿ ನೋವು ಎಂದೆ. ದೀಕ್ಷಿತಾ ಶಿವಾಜಿನಗರದಲ್ಲಿ ಇಳಿದು ಆಸ್ಪತ್ರೆ ಮುಟ್ಟಬೇಕಿತ್ತಲ್ಲ!

ಗಾಜಿನ ಕೋಣೆ. ದೊಡ್ಡ ಕುರ್ಚಿ. ಸುಂದರ ಲ್ಯಾಪ್‌ಟಾಪ್ ತೆಗೆದುಕೊಂಡು ಮಗುವಿನ ಹಾಗೆ ಸವರಿದ.

"ನೀನು ಬಂಗಾರ ಮಾರಾಯಾ."

"ಬಂಗಾರಕ್ಕ ರಾಡಿನಿಂದ ಬಡಸ್ತಾರೇನೋ?"

"ಛೆ! ನಿನ್ನನ್ನು ಹೊಡೆಯಿರಿ ಅಂತ ನಾನು ಹೇಳಲಿಲ್ಲ. ಅಡ್ಡ ಬಂದರೆ... ಅಂದೆ ಅಷ್ಟೇ."

ಅಷ್ಟೇ! ಇಡೀ ಆಯುಷ್ಯದ ಗೆಳೆತನಕ್ಕೆ ಒಂದು 'ಅಷ್ಟೇ'.

"ಸುಂದರಾ," ಎಂದೆ. "ಮೂರನೇ ಚಟ್ನಿ."

ಅವನ ಕೈ ಲ್ಯಾಪ್‌ಟಾಪಿನ ಮೇಲೆ ನಿಂತುಹೋಯಿತು.

"...ಎಂಥದು?"

"ಬ್ಯಾರೆ ಹೆಸರ ಸಿಗಲಿಲ್ಲೇನೋ ನಿನ್ನ ಕಳ್ಳ ವಾಚ್‌ಮನ್ನಗ?"

ಸುಂದರ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ನಕ್ಕ. ಹಳೇ ನಗು. ಅದೇ ಕೆಟ್ಟದ್ದು.

"ಅದನ್ನು ಗೇಟಿನಲ್ಲಿ ಕೂರಿಸಿದ ದಿನ ಅದೇ ನೆನಪಾಯಿತು ಮಾರಾಯಾ. ಯಜಮಾನನ ಕಣ್ಣು ತಪ್ಪಿಸಿದಾಗ ಕೂಗುವ ಮಾತು ಅದೊಂದೇ ಅಲ್ಲವಾ ನಮ್ಮದು? ತಿಳಿದವರು ಯಾರೂ ಇಲ್ಲ ಅಂದುಕೊಂಡೆ."

"ನಾ ಇದ್ನಲ್ಲೋ!"

"ನೀನು ಓದುವುದಿಲ್ಲವಲ್ಲ."

ರಾಡು ಕಿವಿಗೆ ತಾಗಿರಲಿಲ್ಲ. ಇದು ತಾಗಿತು.

"ಹುಡುಗಿ ಜೈಲಿಗೆ ಹೋದರ?"

"ಎರಡು ವರ್ಷ. ಸಣ್ಣ ಪ್ರಾಯ, ಹೊರಗೆ ಬಂದು ಬೇರೆ ಕೆಲಸ ನೋಡಿಕೊಳ್ಳುತ್ತಾಳೆ. ಪ್ರೂಫ್ ಇದರಲ್ಲಿತ್ತು. ಈಗ ನನ್ನ ಹತ್ತಿರ ಇದೆ. ಮುಗಿಯಿತು."

ಅಂಗಿಯ ಜೇಬಿನಿಂದ ಫೋನ್ ತೆಗೆದು ಟೇಬಲ್ಲಿನ ಮೇಲೆ ಇಟ್ಟೆ. ಬೈಕ್ ಹತ್ತುವ ಮೊದಲೇ ದೀಕ್ಷಿತಾಳಿಗೆ ಹಚ್ಚಿದ್ದೆ.

"ಹೌದಪಾ, ನನಗ ಓದಾಕ ಬರಂಗಿಲ್ಲ. ಹಸರ ಬಟನ್ ಒತ್ತಾಕ ಬರ್ತದ."

ಫೋನಿನಿಂದ ಒಬ್ಬ ಹೆಂಗಸಿನ ದನಿ ಬಂತು. "ಮೀ ಮಾಧುರಿ ಬೋಲತೇಯ. ಸಗಳಂ ಐಕಲಂ, ಸುಂದರ್ ಸರ್." ಎಲ್ಲವನ್ನೂ ಕೇಳಿದೆವು ಎಂದಳು. ಲಿಸ್ಟಿನ ಮೇಲ್ ಎದುರಿಗೇ ಇದೆ ಎಂದಳು. ಪೊಲೀಸರು ಪಕ್ಕದಲ್ಲೇ ಕೂತಿದ್ದಾರೆ ಎಂದಳು.

ಸ್ವಪ್ನಿಲ್ ರಾಡನ್ನು ಮೆಲ್ಲಗೆ ಮೂಲೆಗೆ ಒರಗಿಸಿದ. ಹುಡುಗ ಬೇಗ ಕಲಿಯುತ್ತಾನೆ.

ತಳೇಗಾಂವದ ಪೊಲೀಸರು ಬಂದಾಗ ಸುಂದರ ಅಂಗಿ ಸರಿಮಾಡಿಕೊಂಡು ಎದ್ದ. ನನ್ನ ಮುಖ ನೋಡಲಿಲ್ಲ. ಬಾಗಿಲು ದಾಟಿದ.

ಧಣಿ ಗಲ್ಲಾ ಬಿಟ್ಟು ಹೋದ!

"ಮೂರನೇ ಚಟ್ನಿ!" ಎಂದು ಕೂಗಿದೆ. ಆಫೀಸಿನ ಹುಡುಗರೆಲ್ಲ ಮುಖ ಮುಖ ನೋಡಿಕೊಂಡರು.

ಗೋಡೆಗೆ ಒರಗಿದೆ. ಎಸಿ ಗೋಡೆ, ತಣ್ಣಗಿತ್ತು... ಆದರೆ ಪಕ್ಕದಲ್ಲಿ ಒರಗುವವರು ಯಾರೂ ಇರಲಿಲ್ಲ.