ಏಳನೇ ಪೋರ್ಟಿನ ಸಾಕ್ಷಿ

ಮಾತಾಡುವ ಮೊದಲು ಜಾಡುಗಣ್ಣೆಂಬ ಯಂತ್ರ ಹನ್ನೊಂದು ಸೆಕೆಂಡು ಓದಿತು. ಅದರ ಮುಂದೆ ಹಳೆಯ ನೆಟ್‌ವರ್ಕ್ ಸ್ವಿಚ್ಚೊಂದು ಕೂತಿತ್ತು. ಒಂದು ಕಟ್ಟಡದ ಕಂಪ್ಯೂಟರುಗಳನ್ನೆಲ್ಲ ಕೇಬಲ್ಲುಗಳಿಂದ ಬೆಸೆಯುತ್ತಿದ್ದ, ಕೇಬಲ್ ಸಿಕ್ಕಿಸುವ ಇಪ್ಪತ್ನಾಲ್ಕು ಪೋರ್ಟುಗಳ ತಗಡಿನ ಪೆಟ್ಟಿಗೆ. ಮೇಲೆ ಕುಂಕುಮದ ಕಲೆ ಇನ್ನೂ ಇತ್ತು.

ಪೋರ್ಟಿನೊಳಗಿನ ಲೋಹದಲ್ಲಿ, ಹಾದುಹೋದ ಪ್ರತಿ ಸಂಕೇತವೂ ಕಣ್ಣಿಗೆ ಕಾಣದ ಬಿಸಿಯ ಗೆರೆಯೊಂದನ್ನು ಉಳಿಸುತ್ತದೆ. ಅದನ್ನು ಓದಿ, ಎಂದೋ ಕೈಕೊಟ್ಟ ಯಂತ್ರ ಯಾಕೆ ಕೈಕೊಟ್ಟಿತೆಂದು ಹೇಳುವುದೇ ಜಾಡುಗಣ್ಣಿನ ಕೆಲಸ. ಇದನ್ನು ಕಟ್ಟಲು ಹುಬ್ಬಳ್ಳಿಯ ವಿಜ್ಞಾನಿ ಗುರುನಾಥ ಹಂಚಿನಮನಿಗೆ ಇಪ್ಪತ್ತು ವರ್ಷ ಹಿಡಿದಿತ್ತು. ಮೊದಲ ಪರೀಕ್ಷೆಗೆ ಅವನು ಈ ಸ್ವಿಚ್ಚನ್ನೇ ಆರಿಸಿದ್ದು ಉತ್ತರ ತನಗೆ ಮೊದಲೇ ಗೊತ್ತೆಂದು.

"ನೀರಿನ ಗುರುತಿಲ್ಲ" ಎಂದಿತು ಜಾಡುಗಣ್ಣು. "ಏಳನೇ ಪೋರ್ಟಿನಲ್ಲೂ ಹತ್ತೊಂಬತ್ತನೆಯದರಲ್ಲೂ ಒಂದೇ ಕೇಬಲ್ಲಿನ ಎರಡು ತುದಿ. ಸಂದೇಶಗಳು ಹೊರಗೆ ಹೋಗದೆ ಇಲ್ಲೇ ಸುತ್ತಿ ಸುತ್ತಿ ಬೆಳೆದು ದಾರಿ ಕಟ್ಟಿವೆ. ಸ್ವಿಚ್ಚು ಕೆಟ್ಟಿಲ್ಲ."

ಸಹೋದ್ಯೋಗಿ ಮೆಹರುನ್ನೀಸಾ ತಲೆಯೆತ್ತಿ ನೋಡಿದಳು. "ಸರ್, ಅಂದ್ರ ನೀವು ಪ್ರತಿ ವರ್ಷ ಕ್ಲಾಸಿನ್ಯಾಗ ಹೇಳೋ ಕತಿ ಸುಳ್ಳೇನ್ರಿ?"

ಆ ಕತೆ ಎಲ್ಲರಿಗೂ ಬಾಯಿಪಾಠ. ಗುರುನಾಥ ಆಗ ಇಪ್ಪತ್ತೇಳರ ಹುಡುಗ, ಆಸ್ಪತ್ರೆಯೊಂದರ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ. ಆಯುಧಪೂಜೆಗೆಂದು ಕಸಗುಡಿಸುವ ದ್ಯಾಮವ್ವ ಸ್ವಿಚ್ಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕುಂಕುಮ ಹಚ್ಚಿದಳು. ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ನಿಂತವು. ಹೊಸ ಸ್ವಿಚ್ಚು ಹಾಕಿದ ಮೇಲೆ ಎಲ್ಲ ಸರಿಹೋಯಿತು. ದ್ಯಾಮವ್ವನ ಕೆಲಸ ಹೋಯಿತು. ಕತೆ ಇಲ್ಲಿಗೆ ಬಂದಾಗ ತರಗತಿಯ ಹುಡುಗರು ನಗುತ್ತಿದ್ದರು, ಅವನೂ ನಗುತ್ತಿದ್ದ.

ಈಗ ಅವನಿಗೆ ಕತೆಯಲ್ಲಿ ಎಂದೂ ಹೇಳದ ಒಂದು ಸಂಗತಿ ನೆನಪಾಯಿತು. ಪೂಜೆಯ ಫೋಟೊ ತೆಗೆಯುವಾಗ ಸ್ವಿಚ್ಚಿನಿಂದಲೇ ಹೊರಟ ಕೇಬಲ್ಲೊಂದರ ಇನ್ನೊಂದು ತುದಿ ಜೋತಾಡುತ್ತಿತ್ತು. ಚೆಂದ ಕಾಣಲೆಂದು ಅದನ್ನು ಎತ್ತಿ ಖಾಲಿ ಪೋರ್ಟಿಗೆ ಸಿಕ್ಕಿಸಿದ್ದು ಅವನೇ. ಆಮೇಲೆ ಗಾಬರಿಯಲ್ಲಿ ಎಲ್ಲ ಕೇಬಲ್ ಕಿತ್ತು ಹೊಸ ಸ್ವಿಚ್ಚಿಗೆ ಜೋಡಿಸುವಾಗ ಅದೊಂದು ಹೊರಗುಳಿಯಿತು; ಹೊಸದು ಸರಿಯಾಗಿ ನಡೆದದ್ದು ಅದಕ್ಕೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾಗಿತ್ತು. ಅವನಿಗೆ ಮೆಹರುನ್ನೀಸಾಳ ಮುಖ ನೋಡಲು ನಾಚಿಕೆಯಾಯಿತು.

ದ್ಯಾಮವ್ವನಿಗೆ ಈಗ ಎಪ್ಪತ್ತೊಂದು. ಹಳೇ ಹುಬ್ಬಳ್ಳಿಯ ಮನೆಯ ಕಟ್ಟೆಯ ಮೇಲೆ ಕೂತು ಮೆಂತ್ಯ ಸೋಸುತ್ತಿದ್ದಳು. ಗುರುನಾಥ ನಿಂತೇ ಎಲ್ಲ ಹೇಳಿದ.

"ತಪ್ಪು ನಂದು, ದ್ಯಾಮವ್ವಾರ. ಮಷಿನ್ ಈಗ ಕಂಡುಹಿಡದೈತಿ."

ಅವಳ ಕೈ ನಿಲ್ಲಲಿಲ್ಲ. "ನಾ ಅವತ್ತ ಹೇಳಿದ್ನಲ್ರಿ ಸಾಹೇಬ್ರ. ನೀವು ಆ ವೈರ್ ಸಿಗಿಸಿದ ಕೂಡ್ಲೇ ಲೈಟೆಲ್ಲಾ ಒಮ್ಮೆಲೇ ಬಡಕೊಳ್ಳಾಕ ಹತ್ತಿದ್ವು, ಅದನ್ನ ತಗೀರಿ ಅಂತ."

ಹೌದು, ಹೇಳಿದ್ದಳು. ಸ್ವಿಚ್ಚಿನ ಎಲ್ಲ ದೀಪಗಳೂ ಒಟ್ಟಿಗೆ ಎಡೆಬಿಡದೆ ಮಿನುಗಿದರೆ ಎಲ್ಲೋ ಕೇಬಲ್ಲು ಸುತ್ತು ಹಾಕಿದೆ ಎಂದು ಅನುಮಾನಿಸಬೇಕು. ಇದು ನೆಟ್‌ವರ್ಕ್ ಕಲಿಯುವವರ ಮೊದಲ ಪಾಠ. ಅದಕ್ಕೆ ತಾನು ಕೊಟ್ಟ ಉತ್ತರವೂ ಅವನಿಗೆ ಈಗ ಕೇಳಿಸಿತು: "ಕಸಬರಿಗಿ ಹಿಡಿಯೋಕಿಗೆ ಇದೇನ್ ತಿಳೀತೈತಿ? ಸುಮ್ನಿರು." ಮರೆತಿದ್ದೆ ಎಂದು ತನಗೇ ಹೇಳಿಕೊಳ್ಳಲೂ ಅವನಿಗೆ ನಾಚಿಕೆಯಾಯಿತು.

"ಮಷಿನ್ ಕೆಡಿಸಿದಾಕಿ ಅಂತ ಯಾರೂ ಕೆಲಸಕ್ಕ ಕರೀಲಿಲ್ರಿ" ಎಂದಳು ದ್ಯಾಮವ್ವ. "ಈಗ ನನಗೇನೂ ಬ್ಯಾಡ. ಎಲ್ಲಿ ಹೇಳಿ ನಕ್ಕೀರಿ, ಅಲ್ಲೇ ಹೇಳ್ರಿ."

ಮರುದಿನ ಅವನು ಸ್ವಿಚ್ಚನ್ನು ತರಗತಿಯ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಅವರು ಹೇಳಿದ್ದನ್ನ ಪರೀಕ್ಷೆ ಮಾಡಾಕ ಆಗ ಯಾವ ಉಪಕರಣ ಇತ್ರಿ?"

"ಅದು ಎರಡು ಸಾವಿರದ ಇಪ್ಪತ್ತಾರನೇ ಇಸವಿ" ಎಂದ ಗುರುನಾಥ. "ಜಾಡುಗಣ್ಣು ಇರಲಿಲ್ಲ. ಆ ಕೇಬಲ್ ಎಳದು ನೋಡಿದ್ರ ಸಾಕಿತ್ತು. ನಾ ಆಕಿಯಿಂದ ಎರಡು ಮಾರು ದೂರದಾಗ ನಿಂತಿದ್ದೆ. ಕಿವಿ ಚಲೋನ ಇದ್ವು."